ಹಳೇ ಮಸ್ಟಾಂಗಿಗೆ ಹೊಸ ಸ್ಪ್ರಿಂಗು

ಹಳೆಯ ಕಾರುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಂಜಿನ್ನಿನ ಬಗ್ಗೆ ಬರೆಯುತ್ತಾರೆ. ಇಲ್ಲಾಂದ್ರೆ ಬಣ್ಣ, ಕ್ರೋಮು, ಹಳೇ ಸಿನಿಮಾದಲ್ಲಿ ಅದು ಬಂದು ಹೋದ ದೃಶ್ಯ. ಕಾರಿನ ಹೊಟ್ಟೆಯಡಿ ಕೆಸರು ಮೆತ್ತಿಕೊಂಡು ಕೂತಿರುವ ಹಿಂದಿನ ಸ್ಪ್ರಿಂಗಿನ ಬಗ್ಗೆ ಬರೆಯೋರು ಕಡಿಮೆ. ಈ ಬರಹ ಪೂರ್ತಿ ಅದರ ಬಗ್ಗೆಯೇ. ಬೋರಾದರೆ ಬೈಕೋಬೇಡಿ :-)

ಪ್ರಶ್ನೆ ಇಷ್ಟೇ: 1966ರ ಫೋರ್ಡ್ ಮಸ್ಟಾಂಗ್ ಕಾರಿನ ಹಿಂದಿನ ಲೀಫ್ ಸ್ಪ್ರಿಂಗುಗಳನ್ನು ಬಿಚ್ಚಿ, ಆ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಕಾಯಿಲ್‌ಓವರ್ ಕೂರಿಸಬಹುದೇ? ಕೂರಿಸಬೇಕೇ? 'ಬಹುದೇ' ಅನ್ನೋದು ಎಂಜಿನಿಯರಿಂಗ್ ಪ್ರಶ್ನೆ. 'ಬೇಕೇ' ಅನ್ನೋದು ಇತಿಹಾಸದ ಪ್ರಶ್ನೆ. ಮೆಕ್ಯಾನಿಕಲ್ ಓದಿ, ಹೊಟ್ಟೆಪಾಡಿಗೆ ಕೋಡ್ ಬರೆಯುವ ನನ್ನಂಥವನಿಗೆ ಎರಡೂ ಸಮಾನ ಆಸಕ್ತಿಯವು.

ಮೊದಲು ಕಾಯಿಲ್‌ಓವರ್ ಅಂದರೇನು ಅಂತ ಹೇಳಿಬಿಡ್ತೀನಿ. ನಿಮ್ಮ ಬೈಕಿನ ಹಿಂದಿನ ಚಕ್ರದ ಎರಡೂ ಪಕ್ಕ ನೋಡಿ. ನಡುವೆ ಎಣ್ಣೆ ತುಂಬಿದ ಕೊಳವೆ, ಅದರ ಸುತ್ತ ಸುರುಳಿ ಸ್ಪ್ರಿಂಗು. ಅಷ್ಟೇ. ಸುರುಳಿ ಭಾರ ಹೊರುತ್ತೆ, ಒಳಗಿನ ಕೊಳವೆ, ಅಂದರೆ ಡ್ಯಾಂಪರ್, ಕುಣಿತ ನಿಲ್ಲಿಸುತ್ತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲೂ ಹಿಂದೆ ಇದೇ ಜೋಡಿ ಇತ್ತು. ಬೈಕಿನಲ್ಲಿ ಇಷ್ಟು ಸಾಮಾನ್ಯವಾದ ವಸ್ತು ಕಾರಿನ ಹಿಂದಕ್ಕೆ ಬರಲು ಯಾಕೆ ಅಷ್ಟು ತಡವಾಯಿತು ಅನ್ನೋದೇ ಸ್ವಾರಸ್ಯ.

ಅದಕ್ಕೆ ಲೀಫ್ ಸ್ಪ್ರಿಂಗಿನಿಂದ ಶುರು ಮಾಡಬೇಕು. ಮೈಸೂರಿನ ಟಾಂಗಾದ ಕೆಳಗೆ ಬಗ್ಗಿ ನೋಡಿದವರಿಗೆ ಅದು ಗೊತ್ತು. ಲಾರಿಯ ಕೆಳಗೂ ಅದೇ. ಒಂದರ ಮೇಲೊಂದು ಪೇರಿಸಿ ಕಟ್ಟಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು. 1804ರಲ್ಲಿ ಲಂಡನ್ನಿನ ಒಬಡಯ ಎಲಿಯಟ್ ಎಂಬ ಗಾಡಿ ತಯಾರಕ ಇಂಥ ಎರಡು ಬಿಲ್ಲುಗಳನ್ನು ಮುಖಾಮುಖಿ ಜೋಡಿಸಿದ ಎಲಿಪ್ಟಿಕ್ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಗಾಡಿಗೆ ಉದ್ದಕ್ಕೆ ಒಂದು ಭಾರಿ ತೊಲೆ ಬೇಕಾಗಿತ್ತು. ಸ್ಪ್ರಿಂಗನ್ನು ನೇರವಾಗಿ ಅಚ್ಚಿನ ಮೇಲೆ ಕೂರಿಸಿದ್ದರಿಂದ ಆ ತೊಲೆಯೇ ಬೇಡವಾಯಿತು, ಗಾಡಿ ಹಗುರವಾಯಿತು. ಮೋಟಾರು ಕಾರು ಬಂದಾಗ ಅದನ್ನು ಮಾಡಿದವರಲ್ಲಿ ಎಷ್ಟೋ ಮಂದಿ ಕುದುರೆ ಗಾಡಿ ಮಾಡುತ್ತಿದ್ದವರೇ. ಸ್ಪ್ರಿಂಗೂ ಅವರ ಜೊತೆಗೇ ಬಂತು. 1908ರಿಂದ 1927ರವರೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಇದೇ ಪಟ್ಟಿಗಳು, ಅಡ್ಡಡ್ಡ ಕೂರಿಸಿದ್ದು ಅಷ್ಟೇ ವ್ಯತ್ಯಾಸ.

ಲೀಫ್ ಸ್ಪ್ರಿಂಗು ಎರಡು ಶತಮಾನ ಯಾಕೆ ಬಾಳಿತು? ಅದು ಒಂದೇ ಕೆಲಸ ಮಾಡಲ್ಲ, ನಾಲ್ಕು ಮಾಡುತ್ತೆ. ಒಂದು, ಕಾರಿನ ಭಾರ ಹೊರುತ್ತೆ. ಎರಡು, ಹಿಂದಿನ ಆಕ್ಸಲ್ ಹಿಂದಕ್ಕೆ ಮುಂದಕ್ಕೆ ಅಕ್ಕಪಕ್ಕಕ್ಕೆ ಸರಿಯದಂತೆ ಹಿಡಿದಿಡುತ್ತೆ. ಮೂರು, ಎಂಜಿನ್ ಚಕ್ರವನ್ನು ತಿರುಗಿಸುವಾಗ ಆಕ್ಸಲ್ ತಾನೇ ಉಲ್ಟಾ ತಿರುಗಲು ನೋಡುತ್ತಲ್ಲ, ಅದನ್ನು ತಡೆಯುತ್ತೆ. ನಾಲ್ಕು, ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತವನ್ನೂ ತಕ್ಕಮಟ್ಟಿಗೆ ತಣಿಸುತ್ತೆ. ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಹೆಸರಿನಿಂದ ಈ ವ್ಯವಸ್ಥೆಗೆ 'ಹಾಚ್‌ಕಿಸ್ ಡ್ರೈವ್' ಅಂತಲೇ ಹೆಸರು ಬಂತು. ಅವಿಭಕ್ತ ಕುಟುಂಬದಲ್ಲಿ ಅಡುಗೆ, ಲೆಕ್ಕ, ಪಂಚಾಯ್ತಿ, ಮಕ್ಕಳಿಗೆ ಕಷಾಯ ಎಲ್ಲ ಒಬ್ಬರೇ ನೋಡಿಕೊಳ್ಳುವ ಅಜ್ಜಿ ಇರ್ತಾರಲ್ಲ, ಹಾಗೆ. ಯಾವುದೂ ಪರಮ ಶ್ರೇಷ್ಠವಾಗಿ ನಡೆಯಲ್ಲ, ಆದರೆ ಮನೆ ನಡೆಯುತ್ತೆ. ಅಜ್ಜಿಯನ್ನು ತೆಗೆದು ಆ ಜಾಗಕ್ಕೆ ಒಬ್ಬ ಒಳ್ಳೆ ಅಡುಗೆಯವನನ್ನು ತಂದರೆ ಅಡುಗೆ ಮಾತ್ರ ಚೆನ್ನಾಗಾಗುತ್ತೆ! ಉಳಿದ ಕೆಲಸ? ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸುರುಳಿ ಸ್ಪ್ರಿಂಗೇನೂ ಹೊಸದಲ್ಲ. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ತಿರುಗಿ ಎಳೆಯುತ್ತೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ್ದ. ಅಮೆರಿಕದಲ್ಲಿ 1907ರ ಹೊತ್ತಿಗೆ ಬಂದ ಬ್ರಷ್ ರನ್‌ಅಬೌಟ್ ಎಂಬ ಪುಟ್ಟ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಸುರುಳಿ ಸ್ಪ್ರಿಂಗೇ ಇತ್ತು (ಅದರ ಆಕ್ಸಲ್ ಮರದ್ದು!). ಆದರೂ ಪಟ್ಟಿಗಳನ್ನು ಅದು ಓಡಿಸಲಾಗಲಿಲ್ಲ. ಕಾರಣ ಸರಳ. ಸುರುಳಿಯಲ್ಲಿ ಉಜ್ಜಾಟವೇ ಇಲ್ಲ. ಒಂದು ಹಳ್ಳ ಹಾರಿದರೆ ಕುಣೀತಾ ಕುಣೀತಾ ಹೋಗುತ್ತೆ. ಜೊತೆಗೆ ಅದು ಆಕ್ಸಲನ್ನು ಹಿಡಿದಿಡಲ್ಲ, ಬರೀ ಹೊರುತ್ತೆ. ಅಂದರೆ ಸುರುಳಿ ಬರಬೇಕಾದರೆ ಒಳ್ಳೆ ಡ್ಯಾಂಪರ್ ಬರಬೇಕು, ಆಕ್ಸಲನ್ನು ಹಿಡಿಯುವ ಸಲಾಕೆಗಳೂ ಬರಬೇಕು. ಸ್ಪ್ರಿಂಗು ತಡವಾಗಲಿಲ್ಲ, ಅದರ ಸಂಗಾತಿಗಳು ತಡವಾದವು.

ಸಂಗಾತಿಗಳು ಒಂದೊಂದಾಗಿ ಬಂದವು. ಫ್ರಾನ್ಸಿನ ಮೋರಿಸ್ ಹುಡೈ ಎಂಬಾತ ಎಣ್ಣೆಯನ್ನು ಸಣ್ಣ ತೂತಿನಲ್ಲಿ ನುಗ್ಗಿಸಿ ಕುಣಿತ ತಗ್ಗಿಸುವ ಶಾಕ್ ಅಬ್ಸಾರ್ಬರ್ ಮಾಡಿದ. 1928ರ ಫೋರ್ಡ್ ಮಾಡೆಲ್ ಎ ಕಾರಿಗೆ ಅವನ್ನು ಹಾಕಿದರು. ಆಮೇಲೆ ಒಂದರೊಳಗೊಂದು ಜಾರುವ ಕೊಳವೆಯಂಥ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಬಂತು, ಅದೇ ಉಳಿಯಿತು. ಇನ್ನೊಂದು ಕಡೆ ಮೋರಿಸ್ ಆಲಿ ಎಂಬ ಎಂಜಿನಿಯರ್ 1930ರಲ್ಲಿ ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲಾಕ್ ಸೇರಿದ. ಕಾರಿನ ಮೇಲೆ ಅಲ್ಲಿಂದಿಲ್ಲಿಗೆ ಸರಿಸಬಹುದಾದ ತೂಕಗಳನ್ನಿಟ್ಟು, ಸ್ಪ್ರಿಂಗು ಬದಲಾಯಿಸಿ ಬದಲಾಯಿಸಿ ಓಡಿಸಿ ನೋಡಿದ. ಹಿಂದಿನ ಸ್ಪ್ರಿಂಗಿಗಿಂತ ಮುಂದಿನದು ಮೃದುವಾಗಿದ್ದರೆ ಕಾರು ತೊಟ್ಟಿಲಿನ ಹಾಗೆ ಹಿಂದೆ ಮುಂದೆ ತೂಗಾಡಲ್ಲ ಅನ್ನೋದು ಅವನಿಗೆ ಕಂಡದ್ದು. ಉಬ್ಬನ್ನು ಮುಂದಿನ ಚಕ್ರ ಮೊದಲು ಹತ್ತುತ್ತೆ, ಹಿಂದಿನದು ಆಮೇಲೆ. ಹಿಂದಿನದು ಸ್ವಲ್ಪ ಬೇಗ ಬೇಗ ಕುಣಿದರೆ ಮುಂದಿನದರ ಜೊತೆಗೂಡಿಬಿಡುತ್ತೆ. 1934ರಲ್ಲಿ ಜನರಲ್ ಮೋಟಾರ್ಸ್ ಕಾರುಗಳ ಮುಂದಕ್ಕೆ ಸುರುಳಿ ಬಂತು, 1938ರಲ್ಲಿ ಬ್ಯೂಯಿಕ್ ಕಾರಿನ ಹಿಂದಕ್ಕೂ ಬಂತು.

ಸುರುಳಿಯನ್ನು ಡ್ಯಾಂಪರ್ ಸುತ್ತಲೇ ಕೂರಿಸಿದರೆ ಜಾಗ ಉಳಿಯುತ್ತೆ, ಬಿಚ್ಚಿ ಬದಲಾಯಿಸುವುದೂ ಸುಲಭ. ಇದನ್ನು ಚೆನ್ನಾಗಿ ಬಳಸಿಕೊಂಡವರು ರೇಸಿನವರು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ತನ್ನ ರೇಸ್ ಕಾರಿನ ಹಿಂದಕ್ಕೆ ಇಂಥ ಉದ್ದನೆಯ ಕಂಬಗಳನ್ನು ಹಾಕಿದ. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದ ಜಾಗ್ವಾರ್ ಇ-ಟೈಪ್ ಕಾರಿನ ಹಿಂಭಾಗದಲ್ಲಿ ಒಂದೊಂದು ಪಕ್ಕಕ್ಕೆ ಎರಡರಂತೆ ನಾಲ್ಕು ಕಾಯಿಲ್‌ಓವರ್‌ಗಳಿದ್ದವು.

ಹಾಗಿದ್ದರೆ ಮೂರು ವರ್ಷದ ನಂತರ, 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಕಾಣಿಸಿಕೊಂಡ ಮಸ್ಟಾಂಗಿನಲ್ಲಿ ಯಾಕೆ ಅದೇ ಟಾಂಗಾ ಸ್ಪ್ರಿಂಗು? ಉತ್ತರ: ಬೆಲೆ. ಮಸ್ಟಾಂಗ್ ಶುರುವಾದದ್ದು 2,368 ಡಾಲರಿಗೆ. ಆ ಬೆಲೆಗೆ ಕೊಡಬೇಕಾದರೆ ಹೊಸ ಅಂಗಿಯ ಕೆಳಗೆ ಹಳೇ ಪಂಚೆಯೇ ಇರಬೇಕು. ಫಾಲ್ಕನ್ ಎಂಬ ಸಾದಾ ಸಂಸಾರಸ್ಥರ ಕಾರಿನ ಕೆಳಭಾಗವನ್ನೇ ತೆಗೆದುಕೊಂಡರು. ಹಿಂದೆ ಗಟ್ಟಿ ಆಕ್ಸಲ್, ಪಕ್ಕಕ್ಕೆ ನಾಲ್ಕು ಪಟ್ಟಿಯ ಸ್ಪ್ರಿಂಗು. ಮೊದಲ ದಿನವೇ 22,000 ಆರ್ಡರ್, ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರು. ಸ್ಪ್ರಿಂಗನ್ನು ಬಗ್ಗಿ ನೋಡಿ ಕೊಂಡವರು ಎಷ್ಟು ಜನವೋ!

ಆದರೆ ದೊಡ್ಡ ವಿ-8 ಎಂಜಿನ್ ಹಾಕಿದ ಮೇಲೆ ಬಣ್ಣ ಬಯಲಾಯಿತು. ಜೋರಾಗಿ ಆಕ್ಸಿಲರೇಟರ್ ತುಳಿದರೆ ಆಕ್ಸಲ್ ತಿರುಚಿಕೊಂಡು, ಪಟ್ಟಿಗಳು ಹಾವಿನಂತೆ ಬಾಗಿ, ಮತ್ತೆ ಚಿಮ್ಮಿ, ಹಿಂದಿನ ಚಕ್ರ ನೆಲದ ಮೇಲೆ ದಬದಬ ಕುಟ್ಟುತ್ತಿತ್ತು. ಕ್ಯಾರಲ್ ಶೆಲ್ಬಿ 1965ರ ಜಿಟಿ-350ಯಲ್ಲಿ ಆಕ್ಸಲ್ ಮೇಲಿಂದ ಕಾರಿನ ದೇಹಕ್ಕೆ ಎರಡು ಉದ್ದನೆಯ ಸಲಾಕೆ ಕಟ್ಟಿ, ಕೋನಿ ಶಾಕ್ ಅಬ್ಸಾರ್ಬರ್ ಹಾಕಿ ಅದನ್ನು ತಡೆದ. ಫೋರ್ಡ್ ಕಂಪನಿಯವರೇ ಆ ದಶಕದ ಕೊನೆಗೆ ಕೆಲವು ಬಲಶಾಲಿ ಮಾದರಿಗಳಲ್ಲಿ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲ್ಲಿನ ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಕೂರಿಸಿದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇವೆಲ್ಲ ಪ್ಯಾಚ್‌ಗಳು. ಪಟ್ಟಿ ಬಿಟ್ಟು ಸುರುಳಿಗೆ ಹೋದದ್ದು 1979ರ ಮಾದರಿಯಲ್ಲಿ, ಗಟ್ಟಿ ಆಕ್ಸಲ್ಲನ್ನೇ ಬಿಟ್ಟದ್ದು 2015ರ ಮಾದರಿಯಲ್ಲಿ. ಇವತ್ತು ಹಳೇ ಮಸ್ಟಾಂಗಿಗೆ ಕಾಯಿಲ್‌ಓವರ್ ಕಿಟ್ ಮಾರುವವರು ಒಂದರ್ಥದಲ್ಲಿ ಆ ಇತಿಹಾಸವನ್ನು ಎರಡು ವಾರಾಂತ್ಯದಲ್ಲಿ ಮುಗಿಸಿಕೊಡುತ್ತಾರೆ.

ಆ ಎರಡು ವಾರಾಂತ್ಯ ನಾನು ಜೊತೆಗಿದ್ದೆ. ಆಫೀಸಿನ ಕೆಲಸಕ್ಕೆ ಆರು ತಿಂಗಳು ಡೆಟ್ರಾಯ್ಟ್ ಹತ್ತಿರ ಇದ್ದಾಗ, ನನ್ನ ಸಹೋದ್ಯೋಗಿಯೊಬ್ಬನ ಮನೆಯಲ್ಲಿ ನಡೆದ ಕೆಲಸ. ಕಾರು ಅವನ ಅಪ್ಪ ಕೊಂಡದ್ದು. ಅಪ್ಪ ಈಗಿಲ್ಲ. ಅಮ್ಮನಿಗೆ ಎಂಬತ್ತರ ಹತ್ತಿರ, ಬೆನ್ನುನೋವು. ಗಂಡನ ಕಾರಿನಲ್ಲಿ ಕೂತು ಸರೋವರದ ತನಕ ಹೋಗಿ ಬರೋದು ಆಕೆಗೆ ಇಷ್ಟ, ಆದರೆ ಹತ್ತು ನಿಮಿಷಕ್ಕೇ "ಸಾಕಪ್ಪ, ವಾಪಸ್ ಹೋಗೋಣ" ಅನ್ನುವ ಸ್ಥಿತಿ. ಮಿಶಿಗನ್ ರಸ್ತೆಗಳು ನಮ್ಮೂರಿನವಕ್ಕೇನೂ ಕಡಿಮೆ ಇಲ್ಲ. ಬಿರುಕಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಸುಮಾರು ಶೇಕಡಾ 9ರಷ್ಟು ಹಿಗ್ಗಿ, ಟಾರನ್ನು ಎಬ್ಬಿಸಿಬಿಡುತ್ತೆ. ಹೊಸ ಪಟ್ಟಿಗಳನ್ನು ಆತ ಕೆಲವು ವರ್ಷದ ಹಿಂದೆಯೇ ಹಾಕಿಸಿ ನೋಡಿದ್ದ. ಸ್ವಲ್ಪ ವಾಸಿ, ಅಷ್ಟೇ.

ಪಟ್ಟಿಗಳ ತೊಂದರೆ ಅವು ಬರೀ ಗಟ್ಟಿ ಅನ್ನೋದಲ್ಲ. ಉಜ್ಜಾಟವಿದೆಯಲ್ಲ, ಸಣ್ಣ ಗುಂಡಿಗೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಬಾಗೋದೇ ಇಲ್ಲ. ಆ ಪೆಟ್ಟು ನೇರವಾಗಿ ಸೀಟಿಗೆ, ಸೀಟಿನಿಂದ ಬೆನ್ನಿಗೆ. ಸುರುಳಿಗೆ ಆ ಜಿಗುಟುತನ ಇಲ್ಲ. ಇಲ್ಲೊಂದು ಸಣ್ಣ ಲೆಕ್ಕ ಇದೆ. ಕಾರು ತನ್ನದೇ ಭಾರಕ್ಕೆ ಸ್ಪ್ರಿಂಗನ್ನು ಎಷ್ಟು ಕುಗ್ಗಿಸುತ್ತೆ ಅನ್ನೋದು ಗೊತ್ತಾದರೆ ಅದು ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತೆ ಅಂತ ಹೇಳಿಬಿಡಬಹುದು. 25 ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ ಒಂದು ಸಲ. 11 ಸೆಂಟಿಮೀಟರ್ ಆದರೆ ಒಂದೂವರೆ ಸಲ. ಮನುಷ್ಯನಿಗೆ ಹಿತವಾಗೋದು ಈ ಒಂದರಿಂದ ಒಂದೂವರೆಯ ನಡುವೆ, ಹೆಚ್ಚುಕಮ್ಮಿ ನಾವು ನಡೆಯುವಾಗ ತಲೆ ಮೇಲೆ ಕೆಳಗೆ ಆಗುವ ಲಯಕ್ಕೆ ಹತ್ತಿರ. ಸುರುಳಿಯನ್ನು ವಾಲಿಸಿ ಕೂರಿಸಿದರೆ ಲೆಕ್ಕ ಬದಲಾಗುತ್ತೆ: ನೇರದಿಂದ 30 ಡಿಗ್ರಿ ವಾಲಿದರೆ ಅದರ ಬಿಗಿಯಲ್ಲಿ ಮುಕ್ಕಾಲು ಪಾಲು ಮಾತ್ರ ಚಕ್ರಕ್ಕೆ ಸಿಗೋದು. ಕಿಟ್ ಕೊಳ್ಳುವಾಗ ಸ್ಪ್ರಿಂಗಿನ ಮೇಲೆ ಬರೆದ ಸಂಖ್ಯೆ ನೋಡಿದರೆ ಸಾಲದು, ಕೋನವನ್ನೂ ನೋಡಬೇಕು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಪಟ್ಟಿ ಬಿಚ್ಚಿದರೆ ಆಕ್ಸಲನ್ನು ಹಿಡಿಯೋರು ಯಾರು? ಅದಕ್ಕೇ ಕಿಟ್ಟಿನಲ್ಲಿ ಕಾಯಿಲ್‌ಓವರ್ ಜೊತೆ ನಾಲ್ಕು ಸಲಾಕೆಗಳೂ ಇದ್ದವು. ಕೆಳಗಿನ ಎರಡು ಪಟ್ಟಿಯ ಮುಂದಿನ ಕಣ್ಣು ಕೂರುತ್ತಿದ್ದ ಜಾಗದಿಂದ ಆಕ್ಸಲ್ಲಿಗೆ. ಮೇಲಿನ ಎರಡು ಓರೆಯಾಗಿ, ಹಿಂದೆ ಮುಂದೆ ಮಾತ್ರವಲ್ಲ, ಅಕ್ಕಪಕ್ಕಕ್ಕೂ ಆಕ್ಸಲ್ ಸರಿಯದಂತೆ. ಬೇರೆ ಕೆಲವು ಕಿಟ್‌ಗಳಲ್ಲಿ ಅಕ್ಕಪಕ್ಕದ ಕೆಲಸಕ್ಕೆ ಪನಾರ್ಡ್ ಸಲಾಕೆ ಇರುತ್ತೆ, ಇಲ್ಲವೇ ವಾಟ್ ಜೋಡಣೆ. ಆ ವಾಟ್ ಬೇರೆ ಯಾರೂ ಅಲ್ಲ, ಉಗಿಯಂತ್ರದ ಜೇಮ್ಸ್ ವಾಟ್. 1784ರಲ್ಲಿ ಪಿಸ್ಟನ್ ದಂಡ ನೇರವಾಗಿ ಚಲಿಸಲಿ ಅಂತ ಮಾಡಿದ ಸಲಾಕೆಗಳ ಜೋಡಣೆ ಇವತ್ತು ಕಾರಿನ ಆಕ್ಸಲ್ಲಿನಲ್ಲಿದೆ!

ಅದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದಿದೆ, ಬಹಳ ಮಂದಿ ಇದನ್ನು ಬಿಟ್ಟುಬಿಡ್ತಾರೆ. ಭಾರ ಎಲ್ಲಿಗೆ ಹೋಗುತ್ತೆ? ಪಟ್ಟಿ ಇದ್ದಾಗ ಹಿಂಭಾಗದ ಭಾರ ಕಾರಿನ ಅಡಿಯ ಗಟ್ಟಿ ತೊಲೆಗಳಿಗೆ ಎರಡು ತುದಿಯಲ್ಲಿ ಹಂಚಿ ಹೋಗುತ್ತಿತ್ತು. ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂತಿದ್ದು ಡಿಕ್ಕಿಯ ಅಡಿಯ ತೆಳು ತಗಡಿಗೆ. ಅದು ಕುಣಿತದ ಎಳೆತ ತಡೆದರೆ ಸಾಕಿತ್ತು, ಕಾರನ್ನು ಹೊರಬೇಕಿರಲಿಲ್ಲ. ಹಳೇ ಶಾಕ್ ಅಬ್ಸಾರ್ಬರ್ ತೆಗೆದು ಅದೇ ತೂತಿಗೆ ಕಾಯಿಲ್‌ಓವರ್ ಸಿಕ್ಕಿಸಿದರೆ, ಪಕ್ಕಕ್ಕೆ 200ಕ್ಕೂ ಹೆಚ್ಚು ಕೆಜಿ, ಗುಂಡಿಗೆ ಬಿದ್ದಾಗ ಅದರ ಹಲವು ಪಟ್ಟು, ಆ ತಗಡಿನ ಮೇಲೆ. ತಗಡು ಒಂದು ದಿನದಲ್ಲಿ ಹರಿಯಲ್ಲ. ಕೂದಲೆಳೆಯ ಬಿರುಕು ಬಿಟ್ಟು ನಿಧಾನ ಹರಿಯುತ್ತೆ. ಅದಕ್ಕೇ ಒಳ್ಳೆಯ ಕಿಟ್‌ಗಳಲ್ಲಿ ಎರಡೂ ತೊಲೆಗಳ ನಡುವೆ ಒಂದು ಅಡ್ಡ ತೊಲೆ ಬರುತ್ತೆ, ಕಾಯಿಲ್‌ಓವರಿನ ತಲೆ ಅದಕ್ಕೆ. ಆಕ್ಸಲ್ ಜೊತೆ ಈ ಅಡ್ಡ ತೊಲೆ ಇಲ್ಲದ ಕಿಟ್ಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಕೆಲಸ ನಡೆದದ್ದು ಹೀಗೆ. ಕಾರನ್ನು ಎತ್ತಿ ಸ್ಟ್ಯಾಂಡುಗಳನ್ನು ದೇಹದ ತೊಲೆಗಳ ಕೆಳಗೆ ಕೊಟ್ಟೆವು, ಆಕ್ಸಲ್ ಕೆಳಗೆ ಬೇರೆ ಜಾಕು. ಐವತ್ತು ವರ್ಷ ದಾಟಿದ ಬೋಲ್ಟುಗಳು, ಒಂದೊಂದಕ್ಕೆ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು. ಎಡಗಡೆ ಪಟ್ಟಿ ಬಿಚ್ಚಿದಾಗ ಮುಂದಿನ ಕಣ್ಣಿನ ಹತ್ತಿರ ತೊಲೆಗೆ ತುಕ್ಕು ಹಿಡಿದು ತೂತಾಗಿದ್ದದ್ದು ಕಂಡಿತು. ಅಲ್ಲಿಗೆ ಒಂದು ವಾರ ಕೆಲಸ ನಿಂತಿತು. ಕೊಳೆತ ಭಾಗ ಕತ್ತರಿಸಿ ಹೊಸ ಉಕ್ಕು ಬೆಸುಗೆ ಹಾಕಿಸಿದ ಮೇಲೇ ಮುಂದಿನ ಮಾತು. ಪಟ್ಟಿಯೇ ಇರಲಿ ಸುರುಳಿಯೇ ಇರಲಿ, ಕೂರೋ ಜಾಗ ಗಟ್ಟಿ ಇಲ್ಲದಿದ್ದರೆ ಎರಡೂ ವ್ಯರ್ಥ.

ಎರಡನೇ ವಾರಾಂತ್ಯ ಸಲಾಕೆಗಳನ್ನು ಕಟ್ಟಿ, ಕಾಯಿಲ್‌ಓವರಿನಿಂದ ಸುರುಳಿ ತೆಗೆದು ಬರೀ ಡ್ಯಾಂಪರ್ ಕೂರಿಸಿ, ಜಾಕಿನಿಂದ ಆಕ್ಸಲನ್ನು ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನವರೆಗೆ ಆಡಿಸಿ ನೋಡಿದೆವು. ಬ್ರೇಕ್ ಪೈಪು ಎಳೆಯುತ್ತಾ? ಸೈಲೆನ್ಸರ್ ಕೊಳವೆ ತಾಗುತ್ತಾ? ಡ್ಯಾಂಪರ್ ತುದಿ ಮುಟ್ಟುವ ಮೊದಲು ರಬ್ಬರ್ ದಿಂಡು ಮುಟ್ಟುತ್ತಾ? ಎಲ್ಲ ಸರಿ ಇದೆ ಅಂದಮೇಲೆ ಸುರುಳಿ. ಆಮೇಲೆ ತಿರುಪಿನ ಬಿಲ್ಲೆ ತಿರುಗಿಸಿ ಎತ್ತರ ಹೊಂದಿಸಿದ್ದು. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಕಡೆಯ ಬಿಗಿ ಬಿಗಿಯುವುದು ಕಾರು ತನ್ನ ಭಾರದಲ್ಲಿ ಕೂತ ಮೇಲೇ. ತೂಗಾಡುತ್ತಿರುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ಇಷ್ಟರ ನಡುವೆ ಅವನ ಅಕ್ಕನ ಫೋನು. ಸ್ಪೀಕರಿನಲ್ಲೇ ಮಾತಾಡುತ್ತಿದ್ದರು. "ಅಪ್ಪ ಓಡಿಸಿದ್ದು ಆ ಕಾರಲ್ಲ ಕಣೋ. ಆ ಕಿರಕಿರ ಸದ್ದು ಇಲ್ಲದೆ ಅದು ಯಾವ ಕಾರು?" ಅಂತ. ಇವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ದು ಕೇಳೋಕೆ ಅಮ್ಮ ಒಳಗೆ ಕೂರಬೇಕಲ್ವಾ ಅಕ್ಕ" ಅಂದ. ನಾನು ಸ್ಪ್ಯಾನರ್ ಹಿಡಿದು ಕಾರಿನ ಕೆಳಗೇ ಮಲಗಿದ್ದೆ. ಇಬ್ಬರ ಮಾತೂ ಸರಿ ಅನ್ನಿಸಿತು.

ಇತಿಹಾಸದ ಪ್ರಶ್ನೆ ಅಂದೆನಲ್ಲ, ಅದು ಇದೇ. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫೀವಾ ಇದಕ್ಕೊಂದು ದಾರಿ ಹೇಳುತ್ತೆ. ಅದರ ಟ್ಯೂರಿನ್ ಸನ್ನದಿನ ಪ್ರಕಾರ ಬದಲಾವಣೆ ಮಾಡಲೇಬೇಕಾದರೆ ಅದು ಮತ್ತೆ ಹಿಂದಕ್ಕೆ ತರಬಹುದಾದದ್ದಾಗಿರಲಿ, ಬಿಚ್ಚಿದ ಮೂಲ ಭಾಗಗಳನ್ನು ಕಾರಿನ ಜೊತೆಗೇ ಇಟ್ಟುಕೊಳ್ಳಿ. ನನ್ನ ಸಹೋದ್ಯೋಗಿ ಆರಿಸಿದ್ದು ಬೋಲ್ಟು ಬಿಗಿಯುವ ಕಿಟ್. ತಗಡು ಕತ್ತರಿಸಿ ಬೆಸೆಯುವ ಇನ್ನೂ ಒಳ್ಳೆ ಕಿಟ್ ಇತ್ತು, ಬೇಡ ಅಂದ. ಬಿಚ್ಚಿದ ಪಟ್ಟಿಗಳಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಎಡ ಬಲ ಅಂತ ಚೀಟಿ ಕಟ್ಟಿ ಗ್ಯಾರೇಜಿನ ಅಟ್ಟದ ಮೇಲಿಟ್ಟ. ಅಮ್ಮ ಸರೋವರಕ್ಕೆ ಹೋಗಿ ಬಂದರು. ಕೆಳಗಿಳಿದು ಕಾರಿನ ಬಗ್ಗೆ ಏನೂ ಹೇಳಲಿಲ್ಲ, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಹೊರಡೋದು ಅಂತ ಕೇಳಿದರು.

ನಮ್ಮಲ್ಲಿ ಇದೇ ಪ್ರಶ್ನೆ ಅಂಬಾಸಿಡರ್ ಇಟ್ಟುಕೊಂಡವರದ್ದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಆ ಕಾರಿನ ಹಿಂದೆಯೂ ಲೀಫ್ ಸ್ಪ್ರಿಂಗೇ, 2014ರಲ್ಲಿ ತಯಾರಿಕೆ ನಿಲ್ಲುವವರೆಗೂ. ಪ್ರೀಮಿಯರ್ ಪದ್ಮಿನಿಯಲ್ಲೂ ಅದೇ, ಮಾರುತಿ ಓಮ್ನಿಯಲ್ಲೂ ಅದೇ. ಆದರೆ ನಮ್ಮಲ್ಲಿ ಕಾನೂನಿನ ಮಾತೂ ಇದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ ಗಾಡಿಗೆ 'ವಿಎ' ಅಕ್ಷರಗಳಿರುವ ವಿಶೇಷ ನೋಂದಣಿ ಸಿಗುತ್ತೆ, ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಂದರೆ ಇಲ್ಲಿ ತಾತನ ಕಾರಿನ ತೊಲೆಗೆ ಬೆಸುಗೆ ಹಾಕಿಸುವ ಮೊದಲು ಎರಡು ಸಲವಲ್ಲ, ನಾಲ್ಕು ಸಲ ಯೋಚಿಸಬೇಕು. ಹೊಸ ಪಟ್ಟಿ, ಹೊಸ ಬುಷ್, ಪಟ್ಟಿಗಳ ನಡುವೆ ಗ್ರೀಸು, ಒಳ್ಳೆ ಶಾಕ್ ಅಬ್ಸಾರ್ಬರ್, ಇಷ್ಟಕ್ಕೇ ಮುಕ್ಕಾಲು ಸುಖ ಬರುತ್ತೆ ಅನ್ನೋದು ನನ್ನ ಅಂದಾಜು.

ಹಳೆಯದೆಲ್ಲ ಹಾಗೇ ಇರಲಿ ಅನ್ನೋರೂ, ಹಳೆಯದೆಲ್ಲ ಕಿತ್ತು ಬಿಸಾಕಿ ಅನ್ನೋರೂ ಲೀಫ್ ಸ್ಪ್ರಿಂಗಿನ ಎದುರು ಒಂದು ಗಳಿಗೆ ಕೂರಬೇಕು. ಅದು ದಡ್ಡರು ಮಾಡಿದ ವಸ್ತುವಲ್ಲ. ಅದು ಎಷ್ಟು ಕೆಲಸ ಮಾಡುತ್ತಿತ್ತು ಅಂತ ಪೂರ್ತಿ ಪಟ್ಟಿ ಮಾಡಿದವನಿಗೆ ಮಾತ್ರ ಅದನ್ನು ಬಿಚ್ಚುವ ಹಕ್ಕು. ಕಾರಿಗೂ ಅಷ್ಟೇ, ಕೋಡಿಗೂ ಅಷ್ಟೇ.

ಅಂದ ಹಾಗೆ, ನಿಮ್ಮ ಮನೆಯ ಹಿತ್ತಲಲ್ಲಿ ಟಾರ್ಪಾಲ್ ಹೊದ್ದು ಮಲಗಿರುವ ಅಂಬಾಸಿಡರ್, ಫಿಯಟ್ ಏನಾದರೂ ಇದೆಯಾ? ಒಮ್ಮೆ ಬಗ್ಗಿ ಅದರ ಪಟ್ಟಿಗಳನ್ನು ಎಣಿಸಿ ನೋಡಿ. ಎಷ್ಟಿವೆ ಅಂತ ನನಗೂ ಹೇಳಿ.